ಬೆಳಗಿನ ನಾಲ್ಕೂವರೆಗೆ ರೇಡಾನ್ ಪಾಠ

ಮೊದಲೇ ಹೇಳಿಬಿಡುತ್ತೇನೆ. ರೇಡಾನ್ ಅಂದರೆ ನೆಲದಿಂದ ಬಂದು ಮನೆಯೊಳಗೆ ತುಂಬಿಕೊಳ್ಳುವ ಒಂದು ವಿಕಿರಣದ ಅನಿಲ. ಅದನ್ನು ಅಳೆಯುವುದು, ತಡೆಯುವುದು ಕಲಿಸುವ ಅಮೆರಿಕದ ಆನ್‌ಲೈನ್ ಕೋರ್ಸ್ ಮಾಡಿದೆ, ಅದರ ವಿಮರ್ಶೆ ಇದು. ಹುಬ್ಬಳ್ಳಿಯಲ್ಲೇ ಇದ್ದು, ಮನೆಮನೆಗೆ ಹೋಗಿ ರೇಡಾನ್ ಅಳೆದು ದುಡಿಯುತ್ತೇನೆ ಅಂದುಕೊಂಡವರು ಈ ಕೋರ್ಸಿಗೆ ದುಡ್ಡು ಹಾಕಬೇಡಿ. ಇಲ್ಲಿ ಅದನ್ನು ಕೇಳುವವರಿಲ್ಲ. ಮನೆ ಕೊಳ್ಳುವಾಗ ವಾಸ್ತು ಕೇಳುತ್ತಾರೆ, ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಕೇಳುತ್ತಾರೆ. ರೇಡಾನ್ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ನಾನು ಬರೆಯುತ್ತಿರುವುದು ನನ್ನಂಥವರಿಗೆ. ಗಂಡನ ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೋಗಿ, ಇಲ್ಲಿಯ ಡಿಪ್ಲೊಮಾ ಅಲ್ಲಿ ಉಪಯೋಗಕ್ಕೆ ಬಾರದೆ, ಕಪಾಟಿನಲ್ಲಿ ಮಡಚಿಟ್ಟು ಕೂತವರಿಗೆ. ನೀವು ಹಾಗಿದ್ದರೆ ಪೂರ್ತಿ ಓದಿ.

ಗದಗಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿ, ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದೆ. ಗೌಂಡಿಗಳ ಹಾಜರಿ, ಸಿಮೆಂಟ್ ಚೀಲದ ಎಣಿಕೆ, ಸ್ಲ್ಯಾಬ್ ಹಾಕುವ ದಿನ ಮಧ್ಯರಾತ್ರಿವರೆಗೆ ನಿಲ್ಲುವುದು, ಇದು ನನ್ನ ಕೆಲಸ. ಮದುವೆಯಾಗಿ ಅಯೋವಾ ರಾಜ್ಯಕ್ಕೆ ಹೋದೆ. ಕೆಲಸದ ಪರವಾನಗಿ ಬರುವುದಕ್ಕೇ ಐದು ವರ್ಷ ಹಿಡಿಯಿತು. ಪರವಾನಗಿ ಬಂತು, ಕೆಲಸ ಬರಲಿಲ್ಲ.

ಆ ಹೊತ್ತಿಗೆ ಡೆಮೊಯಿನ್ ಊರಿನ ಹತ್ತಿರ ಒಂದು ಹಳೇ ಮನೆ ಕೊಂಡೆವು. ಕೊಳ್ಳುವ ಮುಂಚೆ ಮನೆ ತಪಾಸಣೆ ಮಾಡುವವನು ಬೇಸ್‌ಮೆಂಟಿನಲ್ಲಿ ಒಂದು ಸಣ್ಣ ಡಬ್ಬಿ ಇಟ್ಟು ಹೋದ. ಎರಡು ದಿನ ಬಿಟ್ಟು ಬಂದು "9.1" ಅಂದ. ಏನು 9.1? ಒಂದು ಲೀಟರ್ ಗಾಳಿಯಲ್ಲಿ 9.1 ಪೈಕೋಕ್ಯೂರಿ ರೇಡಾನ್. ಪೈಕೋಕ್ಯೂರಿ ಅಂದರೆ ವಿಕಿರಣದ ಒಂದು ಅಳತೆ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮನೆ ಸರಿಪಡಿಸಿಕೊಳ್ಳಿ ಎಂಬುದು ಅಲ್ಲಿಯ ಪರಿಸರ ಸಂಸ್ಥೆ ಇಪಿಎ ಸಲಹೆ. ಮಾರುವವರೇ ಖರ್ಚು ಹಾಕಿ ರಿಪೇರಿ ಮಾಡಿಸಿಕೊಟ್ಟರು. ಇಬ್ಬರು ಹುಡುಗರು ಬಂದರು. ಬೇಸ್‌ಮೆಂಟಿನ ಕಾಂಕ್ರೀಟ್ ನೆಲಕ್ಕೆ ತೂತು ಹೊಡೆದರು, ಕೆಳಗಿನ ಖಡಿ ಒಂದಷ್ಟು ಕೈಯಿಂದ ಬಗೆದು ತೆಗೆದರು, ಪಿವಿಸಿ ಪೈಪು ಇಳಿಸಿ ಅದನ್ನು ಮನೆ ಹೊರಗೆ ತಂದು ಸೂರಿನ ಮೇಲಕ್ಕೆ ಏರಿಸಿದರು, ನಡುವೆ ಒಂದು ಫ್ಯಾನ್ ಕೂಡಿಸಿದರು. ಐದು ತಾಸಿನ ಕೆಲಸ. ಮತ್ತೆ ಅಳೆದಾಗ 1.3. ನಾನು ಇಡೀ ಹೊತ್ತು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ನನಗೆ ಒಂದೇ ಯೋಚನೆ: ಇದರಲ್ಲಿ ನನಗೆ ಬಾರದ್ದು ಏನಿದೆ?

ಬಾರದ್ದು ಸುಮಾರಿತ್ತು ಅಂತ ಆಮೇಲೆ ಗೊತ್ತಾಯಿತು ಬಿಡಿ.

ಅಯೋವಾದಲ್ಲಿ ಯಾರು ಬೇಕಾದರೂ ಈ ಕೆಲಸಕ್ಕೆ ಇಳಿಯುವ ಹಾಗಿಲ್ಲ. ದೇಶಕ್ಕೆ ಎರಡು ಸರ್ಟಿಫಿಕೇಟ್ ಹೆಸರು ಮಾಡಿವೆ. ಒಂದು ನ್ಯಾಷನಲ್ ರೇಡಾನ್ ಪ್ರೊಫಿಶಿಯೆನ್ಸಿ ಪ್ರೋಗ್ರಾಂ, ಎಲ್ಲರೂ ಎನ್‌ಆರ್‌ಪಿಪಿ ಅನ್ನುತ್ತಾರೆ. ಇನ್ನೊಂದು ನ್ಯಾಷನಲ್ ರೇಡಾನ್ ಸೇಫ್ಟಿ ಬೋರ್ಡ್. 1998ರವರೆಗೆ ಇಪಿಎ ತಾನೇ ಈ ಕೆಲಸ ನೋಡಿಕೊಳ್ಳುತ್ತಿತ್ತು, ಆಮೇಲೆ ಬಿಟ್ಟುಕೊಟ್ಟಿತು. ಅಳೆಯುವವರಿಗೆ ಒಂದು ಸರ್ಟಿಫಿಕೇಟ್, ತಡೆಯುವ ಕೆಲಸ ಮಾಡುವವರಿಗೆ, ಅಂದರೆ ಮಿಟಿಗೇಶನ್‌ನವರಿಗೆ, ಬೇರೆ. ಒಪ್ಪಿಗೆ ಪಡೆದ ಕೋರ್ಸ್ ಮಾಡಬೇಕು, ಪರೀಕ್ಷೆ ಪಾಸಾಗಬೇಕು, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಯೋವಾದಂಥ ಕೆಲವು ರಾಜ್ಯಗಳಲ್ಲಿ ಇದರ ಮೇಲೆ ರಾಜ್ಯದ ಲೈಸೆನ್ಸ್ ಕೂಡ ಬೇಕು. ಅಯೋವಾದ 99 ಕೌಂಟಿಗಳೂ ಇಪಿಎ ನಕ್ಷೆಯಲ್ಲಿ ಝೋನ್ 1, ಅಂದರೆ ಎಲ್ಲಕ್ಕಿಂತ ಜಾಸ್ತಿ ರೇಡಾನ್ ಇರುವ ವರ್ಗ. ಕೆಲಸಕ್ಕೆ ಬರವಿಲ್ಲ.

ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಅವ್ವನ ಮೊಣಕಾಲಿನ ಆಪರೇಶನ್ ಬಂತು. ವಿದ್ಯಾನಗರದ ಮನೆಗೆ ಬಂದು ಮೂರು ತಿಂಗಳು ಇರಬೇಕಾಯಿತು. ಕೋರ್ಸಿಗೆ ಆಗಲೇ ಹಣ ಕಟ್ಟಿದ್ದೆ. ಝೂಮ್ ಮೇಲೆ ನಡೆಯುವ ಕ್ಲಾಸು, ಎಲ್ಲಿದ್ದರೇನು ಅಂದುಕೊಂಡೆ. ಅಲ್ಲಿಯ ಸಂಜೆ 6 ಅಂದರೆ ಇಲ್ಲಿಯ ಬೆಳಗಿನ 4.30. ವಾರಕ್ಕೆ ಮೂರು ದಿನ, 4.30ರಿಂದ 8.30. ಅಳೆಯುವ ಕೋರ್ಸ್ ಎರಡು ವಾರ, ಮಿಟಿಗೇಶನ್ ಮೂರು ವಾರ. ಮೊದಲ ದಿನ ಪಡಸಾಲೆಯಲ್ಲಿ ಲೈಟ್ ಹಚ್ಚಿ ಕೂತಾಗ, ಅವ್ವ ಯಾರೋ ತೀರಿಕೊಂಡ ಸುದ್ದಿ ಬಂದಿದೆ ಅಂತ ಗಾಬರಿಯಾಗಿ ವಾಕರ್ ಹಿಡಿದುಕೊಂಡು ಎದ್ದು ಬಂದಳು.

ಕಲಿಸುವವರು ಇಬ್ಬರು. ಅಳೆಯುವ ಕೋರ್ಸಿನ ಮೇಷ್ಟ್ರಿಗೆ ಐದಕ್ಕೆ ಐದು. ಮೂವತ್ತು ವರ್ಷ ಇದೇ ಕೆಲಸ ಮಾಡಿದ ಮನುಷ್ಯ, ಸ್ಲೈಡ್ ಕಡಿಮೆ, ಅನುಭವ ಜಾಸ್ತಿ. ಶುರುವಿನಲ್ಲೇ ವಾಟ್ರಸ್ ಕಥೆ ಹೇಳಿದರು. 1984ರ ಡಿಸೆಂಬರ್. ಪೆನ್ಸಿಲ್ವೇನಿಯಾದಲ್ಲಿ ಲಿಮರಿಕ್ ಅಣು ವಿದ್ಯುತ್ ಸ್ಥಾವರ ಇನ್ನೂ ಕಟ್ಟುತ್ತಿದ್ದರು. ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ವಿಕಿರಣ ತಪಾಸಣೆಯ ಗೇಟಿನಲ್ಲಿ ಬಂದರೆ ಅಲಾರಂ ಹೊಡೆದುಕೊಳ್ಳುತ್ತಿತ್ತು. ಸ್ಥಾವರ ಇನ್ನೂ ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ, ವಿಕಿರಣ ಎಲ್ಲಿಂದ ಬರಬೇಕು? ಕೊನೆಗೆ ನೋಡಿದರೆ ಅದು ಅವರ ಮನೆಯಿಂದಲೇ ಬರುತ್ತಿತ್ತು. ಮನೆಯಲ್ಲಿ ಅಳೆದಾಗ ಸುಮಾರು 2,700 ಪೈಕೋಕ್ಯೂರಿ. 4ಕ್ಕೇ ಗಾಬರಿಯಾಗುವವರ ದೇಶದಲ್ಲಿ 2,700! ನಮ್ಮ ಸೋದರಮಾವ ಕೈಗಾದಲ್ಲಿ ಕೆಲಸಕ್ಕಿದ್ದವರು. ಅಂಥ ಗೇಟಿನ ವಿಷಯ ಚಿಕ್ಕಂದಿನಿಂದ ಕೇಳಿದ್ದೆ. ಕೆಲಸದಿಂದ ಮನೆಗೆ ವಿಕಿರಣ ಒಯ್ಯಬಾರದು ಅಂತ ಗೇಟು. ಈ ಮನುಷ್ಯ ಮನೆಯಿಂದ ಕೆಲಸಕ್ಕೆ ಒಯ್ದಿದ್ದ.

ವಿಜ್ಞಾನ ಕಷ್ಟವೇನಲ್ಲ. ಕಲ್ಲು ಮಣ್ಣಿನಲ್ಲಿ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ಒಡೆಯುತ್ತಾ ರೇಡಿಯಂ ಆಗಿ, ರೇಡಿಯಂ ಒಡೆದು ರೇಡಾನ್ ಅನಿಲ ಆಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. 3.8 ದಿನಕ್ಕೆ ಅರ್ಧ ಆಗುತ್ತದೆ. ರೇಡಾನ್ ತಾನೇ ಉಸಿರಲ್ಲಿ ಒಳಗೆ ಹೋಗಿ ಹೊರಗೆ ಬರುತ್ತದೆ. ಜಾಸ್ತಿ ತೊಂದರೆ ಅದರ ಮಕ್ಕಳದು, ಅಂದರೆ ಅದು ಒಡೆದಾಗ ಹುಟ್ಟುವ ಪೊಲೋನಿಯಂನಂಥವು. ಅವು ಧೂಳಿಗೆ ಅಂಟಿಕೊಂಡು ಶ್ವಾಸಕೋಶದಲ್ಲಿ ಕೂರುತ್ತವೆ, ಅಲ್ಲೇ ಕೂತು ಆಲ್ಫಾ ಕಣ ಹಾರಿಸುತ್ತವೆ. ಮೈಮೇಲೆ ಬಿದ್ದರೆ ಚರ್ಮವೇ ತಡೆಯುವ ಕಣ, ಒಳಗೆ ತಡೆಯುವುದಕ್ಕೆ ಏನೂ ಇಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನಿನಿಂದ ಶ್ವಾಸಕೋಶದ ಕ್ಯಾನ್ಸರ್ ಬಂದು ಸಾಯುತ್ತಾರೆ ಎಂಬುದು ಇಪಿಎ ಅಂದಾಜು. ಬೀಡಿ ಸಿಗರೇಟ್ ಸೇದುವವರಿಗೆ ಇದು ಇನ್ನೂ ಕೆಟ್ಟದ್ದು, ಎರಡೂ ಸೇರಿ ಹಾನಿ ಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಬಿಗಿ. 2009ರಲ್ಲಿ ಅವರು ಹೇಳಿದ್ದು ಘನ ಮೀಟರಿಗೆ 100 ಬೆಕರೆಲ್, ಅಂದರೆ ಸುಮಾರು 2.7 ಪೈಕೋಕ್ಯೂರಿ. ಈ ಎರಡು ಅಳತೆಗಳ ನಡುವೆ ಹೋಗಿ ಬರುವ ಲೆಕ್ಕ ಪರೀಕ್ಷೆಗೆ ಬಂದೇ ಬರುತ್ತದೆ. ಪೈಕೋಕ್ಯೂರಿಯಿಂದ ಬೆಕರೆಲ್‌ಗೆ 37ರಿಂದ ಗುಣಿಸಿ, ವಾಪಸ್ ಬರುವಾಗ 37ರಿಂದ ಭಾಗಿಸಿ, ಅಷ್ಟೇ.

ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದೆ. ನೆಲಮಾಳಿಗೆ, ಅಲ್ಲಿ ಸೋಫಾ ಟಿವಿ, ಅಲ್ಲೇ ಮಕ್ಕಳ ಆಟ, ಮಣ್ಣೊಳಗಿನ ಗಾಳಿ ಅಲ್ಲಿಗೆ ಬಂದು ತುಂಬುತ್ತದೆ ಅಂದೆ. ಅವ್ವ ಅಂದಳು: "ಅಂದ್ರ ಅಮೆರಿಕದಾಗ ಮಂದಿ ಹಗೇವದಾಗ ಮಕ್ಕೋತಾರೇನವಾ?"

ನಾನು ನಕ್ಕುಬಿಟ್ಟೆ. ಆದರೆ ಅವ್ವ ಹೇಳಿದ್ದು ನಮ್ಮ ಮೇಷ್ಟ್ರ ಎರಡು ತಾಸಿನ ಪಾಠಕ್ಕಿಂತ ಚೆನ್ನಾಗಿತ್ತು. ಹಗೇವು ಗೊತ್ತಲ್ಲ, ಜೋಳ ತುಂಬಿಡುವ ನೆಲದೊಳಗಿನ ಕಣಜ. ರೋಣದ ಕಡೆ ನಮ್ಮ ಅಜ್ಜನ ಮನೆ ಮುಂದೆ ಎರಡಿದ್ದವು. ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಒಂದು ದಿನ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಗಾಳಿ ಕೆಟ್ಟಿದೆ ಅಂತ. ಅಲ್ಲಿರುವುದು ಇಂಗಾಲದ ಡೈಆಕ್ಸೈಡು, ರೇಡಾನ್ ಕಥೆ ಬೇರೆ. ರೇಡಾನಿಗೆ ಕಂದೀಲು ಆರುವುದಿಲ್ಲ. ಆರುವುದಿಲ್ಲ ಅನ್ನುವುದೇ ಕಷ್ಟ. ಆದರೆ ನೆಲದೊಳಗೆ ಮುಚ್ಚಿದ ಜಾಗದ ಗಾಳಿಯನ್ನು ನಂಬಬಾರದು ಎಂಬುದು ನಮ್ಮ ಅಜ್ಜನಿಗೆ ಯಾವ ಕೋರ್ಸೂ ಇಲ್ಲದೆ ಗೊತ್ತಿತ್ತು.

ಮುಂದಿನ ಕ್ಲಾಸಿನಲ್ಲಿ ಹಗೇವಿನ ವಿಷಯ ಹೇಳಿದೆ. ನೀವು ಯಾವ ಊರು ಅಂತ ಮೇಷ್ಟ್ರು ಕೇಳಿದರು. ಹುಬ್ಬಳ್ಳಿ, ಧಾರವಾಡದ ಪಕ್ಕ ಅಂದೆ. ಕ್ಯಾಮೆರಾ ಆಫ್ ಮಾಡಿಕೊಂಡು ಮಲಗಿದ್ದಾರೆ ಅಂತ ನಾನು ಅಂದುಕೊಂಡಿದ್ದ ಒಬ್ಬ ನಿವೃತ್ತ ಭೂವಿಜ್ಞಾನಿ ತಟ್ಟನೆ ಕ್ಯಾಮೆರಾ ಹಚ್ಚಿದರು. "ಆ ಧಾರವಾಡವಾ? ಧಾರವಾಡ್ ಕ್ರೇಟಾನ್?" ನನಗೆ ಮೊದಲು ತಿಳಿಯಲೇ ಇಲ್ಲ. ಕ್ರೇಟಾನ್ ಅಂದರೆ ಭೂಮಿಯ ಹೊರಪದರದ ಬಹಳ ಹಳೆಯ, ಗಟ್ಟಿಯಾದ ಭಾಗ. ಭೂವಿಜ್ಞಾನ ಓದಿದವರಿಗೆಲ್ಲ ನಮ್ಮೂರ ಹೆಸರು ಗೊತ್ತಂತೆ. ಬ್ರಿಟಿಷರ ಕಾಲದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇಲ್ಲಿಯ ಬಂಡೆಗಳಿಗೆ ಧಾರವಾಡ ಅಂತ ಹೆಸರಿಟ್ಟರು, ಆ ಹೆಸರು ಹಾಗೇ ಜಗತ್ತಿಗೆಲ್ಲ ಹೋಯಿತು. ಅವರು ಹತ್ತು ನಿಮಿಷ ಮಾತಾಡಿದರು: ಗ್ರಾನೈಟಿನಲ್ಲಿ ಯುರೇನಿಯಂ ಸಾಮಾನ್ಯವಾಗಿ ಜಾಸ್ತಿ, ನಿಮ್ಮ ಶಿಸ್ಟ್ ಬಂಡೆಗಳಲ್ಲಿ ಕಡಿಮೆ. ಅಯೋವಾದಲ್ಲಿ ಹಿಮನದಿಗಳು ಕೆನಡಾ ಕಡೆಯ ಗ್ರಾನೈಟನ್ನು ಅರೆದು ತಂದು ಹರಡಿವೆ, ಅದಕ್ಕೇ ಅಲ್ಲಿ ಇಷ್ಟು ರೇಡಾನ್. ಪೇಡೆ, ಬೇಂದ್ರೆ, ಸಂಗೀತ ಬಿಟ್ಟು ಧಾರವಾಡಕ್ಕೆ ಇನ್ನೊಂದು ಹೆಸರಿದೆ ಅಂತ ಬೆಳಗಿನ 6 ಗಂಟೆಗೆ ಅಮೆರಿಕದವರಿಂದ ಕೇಳಿದೆ.

ಇದರ ಮಾರನೇ ಕ್ಲಾಸಿಗೆ ಇನ್ನೊಂದು. ಅಳೆಯುವ ಸಾಧನಗಳ ಪಾಠ. ಇದ್ದಿಲಿನ ಡಬ್ಬಿ, ಆಲ್ಫಾ ಕಣದ ಗುರುತು ಬೀಳುವ ಪ್ಲಾಸ್ಟಿಕ್ ಹಾಳೆ, ಗಂಟೆಗಂಟೆಗೆ ಬರೆದಿಡುವ ಎಲೆಕ್ಟ್ರಾನಿಕ್ ಯಂತ್ರ. ಆಮೇಲೆ ಇ-ಪರ್ಮ್ ಅಂತ ಒಂದು. ವಿದ್ಯುತ್ ಚಾರ್ಜ್ ಹಿಡಿದಿಟ್ಟ ಟೆಫ್ಲಾನ್ ಬಿಲ್ಲೆ, ಅದರ ಮೇಲೆ ಒಂದು ಕಪ್ಪು ಡಬ್ಬಿ. ರೇಡಾನ್ ಇದ್ದಷ್ಟೂ ಬಿಲ್ಲೆಯ ವೋಲ್ಟೇಜ್ ಇಳಿಯುತ್ತದೆ. ಇಡುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ಓದಿ ಲೆಕ್ಕ ಹಾಕಬೇಕು. ಇದನ್ನು ಕಂಡುಹಿಡಿದವರ ಹೆಸರು ಸ್ಲೈಡಿನಲ್ಲಿತ್ತು. ಮೇಷ್ಟ್ರು ಅದನ್ನು "ಕೋಟ್ರಾಪಾ" ಅಂತ ಓದಿದರು. ನಾನು ಕಣ್ಣುಜ್ಜಿಕೊಂಡು ನೋಡಿದೆ. ಪಾಯಸದ ಕೊಟ್ರಪ್ಪ! ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿದ್ದಾಗಲೇ ಎಲೆಕ್ಟ್ರೆಟ್, ಅಂದರೆ ಇಂಥ ಚಾರ್ಜ್ ಹಿಡಿದಿಟ್ಟ ಬಿಲ್ಲೆಯ, ಮೇಲೆ ಕೆಲಸ ಮಾಡಿ, ಆಮೇಲೆ ಅಮೆರಿಕದಲ್ಲಿ ಇದನ್ನು ಬಳಕೆಗೆ ತಂದವರು. ಕೊಟ್ರಪ್ಪ ಅಂದರೆ ನಮಗೆ ಕೊಟ್ಟೂರು ನೆನಪಾಗದೆ ಇರುತ್ತದೆಯೇ? ಮೈಕ್ ಹಚ್ಚಿ, ಸರ್ ಅದು ಕೊಟ್-ರಪ್-ಪ, ಒತ್ತಿ ಹೇಳಬೇಕು ಅಂದೆ. ಅವರು ಮೂರು ಸಲ ಪ್ರಯತ್ನ ಮಾಡಿದರು. ಮೂರನೇದು ಪರವಾಗಿಲ್ಲ.

ಇನ್ನು ದೂರು. ಮಿಟಿಗೇಶನ್ ಕೋರ್ಸಿನ ಎರಡನೇ ಮೇಷ್ಟ್ರು ಸ್ಲೈಡ್ ಓದುವವರು. ಸ್ಲೈಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ "ಪ್ರಶ್ನೆ ಇದೆಯಾ" ಅನ್ನುತ್ತಿದ್ದರು. ಬೆಳಗಿನ ನಾಲ್ಕೂವರೆಗೆ ಎದ್ದು ಕೂತವಳಿಗೆ ಅದು ಜೋಗುಳ. ಎರಡೂ ಕೋರ್ಸ್ ಸೇರಿ ಸಾವಿರ ಡಾಲರ್ ದಾಟಿತ್ತು. ಪರೀಕ್ಷೆಯ ಶುಲ್ಕ ಅದರಲ್ಲೇ ಬರುತ್ತದೆ ಅಂತ ನಾನು ತಿಳಿದಿದ್ದೆ. ಬರುವುದಿಲ್ಲ. ಸರ್ಟಿಫಿಕೇಟ್ ಅರ್ಜಿಯ ಶುಲ್ಕವೂ ಬೇರೆ, ರಾಜ್ಯದ ಲೈಸೆನ್ಸಿನದು ಬೇರೆ. ಹಣ ಕಟ್ಟುವ ಪುಟದಲ್ಲಿ ಇದನ್ನು ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದಾರೆ. ಪುಸ್ತಕದ ಪಿಡಿಎಫ್ ಕೊಡುತ್ತಾರೆ, ಪ್ರಿಂಟ್ ತೆಗೆಯಲು ಬಿಡುವುದಿಲ್ಲ. ಒಂದು ದಿನ ಕರೆಂಟ್ ಹೋಗಿ ಮುಕ್ಕಾಲು ತಾಸಿನ ಪಾಠ ತಪ್ಪಿತು. ಹಾಜರಿ ಕಡಿಮೆ ಬಿತ್ತು ಅಂತ ಮೇಲ್ ಬಂತು. ಆ ಭಾಗದ ರೆಕಾರ್ಡಿಂಗ್ ನೋಡಿ ಇಪ್ಪತ್ತು ಪ್ರಶ್ನೆಗೆ ಉತ್ತರ ಕಳಿಸಿ ಸರಿ ಮಾಡಿಕೊಂಡೆ.

ಎಲ್ಲಕ್ಕಿಂತ ತಲೆ ತಿಂದದ್ದು ಅಡ್ಡಹೆಸರು. ನಮ್ಮ ಕಡೆಯ ಅಡ್ಡಹೆಸರು ಉದ್ದ ಇರುತ್ತವೆ, ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ಉದ್ದ. ಕೋರ್ಸ್ ಮುಗಿಸಿದ ಪತ್ರದಲ್ಲಿ ನನ್ನ ಅಡ್ಡಹೆಸರಿನ ಕೊನೆಯ ಎರಡು ಅಕ್ಷರ ನುಂಗಿ ಹಾಕಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು, ಪತ್ರದಲ್ಲಿ ಇನ್ನೊಂದು. ಪರೀಕ್ಷೆಗೆ ಕೂರುವಾಗ ಗುರುತಿನ ಚೀಟಿ ಕ್ಯಾಮೆರಾಕ್ಕೆ ಹಿಡಿದು ತೋರಿಸಬೇಕು, ಹೆಸರು ಹೊಂದದಿದ್ದರೆ ಮುಗಿಯಿತು. ಆರು ಮೇಲ್, ಹದಿಮೂರು ದಿನ. ಆರನೇ ಮೇಲಿಗೆ ಉತ್ತರ ಕೊಟ್ಟವರು ಹತ್ತು ನಿಮಿಷದಲ್ಲಿ ಸರಿ ಮಾಡಿದರು. ನೀವು ಸೇರುವುದಾದರೆ ಮೊದಲ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರು ತುಂಬಿ.

ಮಿಟಿಗೇಶನ್ ಕೋರ್ಸಿನ ವಿಷಯ ಮಾತ್ರ ಚಿನ್ನ, ಹೇಳುವವರು ಹೇಗೇ ಇರಲಿ. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಗಾಳಿ ಮೇಲಕ್ಕೆ ಹೋಗಿ ಸಂದಿಗಳಿಂದ ಹೊರಬೀಳುತ್ತದೆ. ಆ ಖಾಲಿ ತುಂಬಲು ಮನೆ ಕೆಳಗಿನಿಂದ, ಮಣ್ಣಿನಿಂದ, ಗಾಳಿ ಎಳೆಯುತ್ತದೆ. ಮನೆ ಒಂದು ದೊಡ್ಡ ಚಿಮಣಿ ಇದ್ದ ಹಾಗೆ. ಮಿಟಿಗೇಶನ್ ಅಂದರೆ ಏನೂ ಇಲ್ಲ, ಮನೆ ಎಳೆಯುವುದಕ್ಕಿಂತ ಜೋರಾಗಿ ನೆಲದ ಕೆಳಗಿನಿಂದ ನೀವೇ ಎಳೆದು ಸೂರಿನ ಮೇಲೆ ಬಿಡುವುದು. ಫ್ಯಾನನ್ನು ಮನೆಯೊಳಗೆ, ಜನ ಇರುವ ಕಡೆ, ಕೂಡಿಸಬಾರದು. ಫ್ಯಾನಿನ ಮುಂದಿನ ಪೈಪಿನಲ್ಲಿ ಗಾಳಿ ಒತ್ತಡದಲ್ಲಿರುತ್ತದೆ, ಒಂದು ಜಾಯಿಂಟ್ ಸೋರಿದರೂ ಮಣ್ಣಿನ ಗಾಳಿಯನ್ನು ಪಂಪ್ ಹಚ್ಚಿ ಮನೆಗೆ ತುಂಬಿದಂತೆ. ಇದನ್ನು ಕೇಳಿದ ಮೇಲೆ ಅಯೋವಾಕ್ಕೆ ಫೋನ್ ಮಾಡಿ, ನಮ್ಮ ಫ್ಯಾನ್ ಹೊರಗೇ ಇದೆಯಲ್ಲ ನೋಡಿ ಬಾ ಅಂತ ಗಂಡನನ್ನು ಮಂಜಿನಂಥ ಮಳೆಯಲ್ಲಿ ಎಬ್ಬಿಸಿ ಕಳಿಸಿದೆ. ಹೊರಗೇ ಇತ್ತು.

ಪೈಪಿಗೆ ಒಂದು ಯು ಆಕಾರದ ಸಣ್ಣ ನಳಿಗೆ ಹಾಕಿರುತ್ತಾರೆ, ಒಳಗೆ ಬಣ್ಣದ ನೀರಿನಂಥದ್ದು. ಎರಡು ಕಡೆ ಮಟ್ಟ ಬೇರೆಬೇರೆ ಇದ್ದರೆ ಫ್ಯಾನ್ ಎಳೆಯುತ್ತಿದೆ ಅಂತ, ಸಮ ಇದ್ದರೆ ನಿಂತಿದೆ ಅಂತ. ನಮ್ಮ ಗೌಂಡಿಗಳ ಲೆವೆಲ್ ಪೈಪು ನೆನಪಾಯಿತು. ಅಲ್ಲಿ ಸಮ ಬಂದರೆ ಖುಷಿ, ಇಲ್ಲಿ ಸಮ ಬಂದರೆ ಗಂಡಾಂತರ.

ಕೋರ್ಸಿನಲ್ಲಿ ಕೈಯಿಂದ ಮಾಡುವ ಅಭ್ಯಾಸ ವಿಡಿಯೋದಲ್ಲಿ ಮಾತ್ರ. ನೆಲದ ಕೆಳಗೆ ಗಾಳಿ ಎಷ್ಟು ದೂರದಿಂದ ಎಳೆದು ಬರುತ್ತದೆ ಅಂತ ಮೊದಲು ನೋಡಬೇಕು. ಒಂದು ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಿ, ದೂರ ದೂರ ಸಣ್ಣ ತೂತು ಹೊಡೆದು, ಅಲ್ಲಿ ಹೊಗೆ ಹಿಡಿದು ಪರೀಕ್ಷೆ. ಎಷ್ಟು ಪೈಪು ಬೇಕು, ಯಾವ ಫ್ಯಾನ್ ಬೇಕು ಅನ್ನುವುದು ಇದರ ಮೇಲೆ. ನೋಡಿ ಕಲಿಯುವ ವಿಷಯ ಅಲ್ಲ ಇದು. ನಮ್ಮ ಚಿಕ್ಕಪ್ಪ ಗೋಕುಲ ರಸ್ತೆಯ ಕಡೆ ಎರಡು ಅಂಗಡಿ ಕಟ್ಟಿಸುತ್ತಿದ್ದರು. ಕೆಳಗೆ ಕಾಂಕ್ರೀಟ್ ಹಾಕಿ ಆಗಿತ್ತು, ಫರಸಿ ಇನ್ನೂ ಬಿದ್ದಿರಲಿಲ್ಲ. ಭಾನುವಾರ ಒಂದು ತಾಸು ಕೊಡು ಕಾಕಾ ಅಂದೆ. "ತೂತ ಹೊಡದದ್ದು ನೀನ ಮುಚ್ಚಬೇಕು ನೋಡ" ಅಂದರು.

ವ್ಯಾಕ್ಯೂಮ್ ಕ್ಲೀನರ್ ಪಕ್ಕದ ಮನೆಯವರದು. ಡ್ರಿಲ್ ಸೈಟಿನದು. ಹೊಗೆಗೆ ಅವ್ವನ ದೇವರ ಜಗುಲಿಯ ಊದಿನಕಡ್ಡಿ. ನಡುವೆ ಒಂದು ದೊಡ್ಡ ತೂತು ಹೊಡೆದು ಪೈಪು ಇಳಿಸಿ, ಸುತ್ತಲೂ ಒದ್ದೆ ಬಟ್ಟೆ ತುರುಕಿದೆವು. ಮೂರು ಅಡಿಗೆ ಒಂದು, ಆರು ಅಡಿಗೆ ಒಂದು, ಹತ್ತು ಅಡಿಗೆ ಒಂದು ಸಣ್ಣ ತೂತು. ಬಾಗಿಲಿಗೆ ತಾಡಪತ್ರಿ ಕಟ್ಟಿ ಗಾಳಿ ನಿಲ್ಲಿಸಿದೆವು. ಕಾಯಲು ಬಂದ ಗೌಂಡಿ ಬೀಡಿ ಹೊತ್ತಿಸಲು ಹೋದ, ಹೊಗೆ ಕಲಸುತ್ತದೆ ಬೇಡ ಅಂದೆ. ಮೂರು ಅಡಿಯ ತೂತಿನ ಮೇಲೆ ಊದಿನಕಡ್ಡಿ ಹಿಡಿದೆ. ಮೇಲಕ್ಕೆ ನೆಟ್ಟಗೆ ಏಳುತ್ತಿದ್ದ ಹೊಗೆ ಸ್ವಲ್ಪ ನಡುಗಿತು, ಬಾಗಿತು, ಆಮೇಲೆ ದಾರದಂತೆ ತೆಳ್ಳಗಾಗಿ ಸರ್ರನೆ ತೂತಿನೊಳಗೆ ಇಳಿಯಿತು. ಗೌಂಡಿ ಮಂಡಿಯೂರಿ ಕೂತು ಬಗ್ಗಿ ನೋಡಿದ. "ಅಕ್ಕಾರ, ನೆಲಾ ಊದಿನಕಡ್ಡಿ ಸೇದಾಕತ್ತೈತ್ರೀ!"

ಆರು ಅಡಿಯಲ್ಲಿ ಹೊಗೆ ಒಂದು ಚೂರು ವಾಲಿತು, ಒಳಗೆ ಹೋಗಲಿಲ್ಲ. ಹತ್ತು ಅಡಿಯಲ್ಲಿ ಏನೂ ಇಲ್ಲ, ಪೂಜೆಗೆ ಹಚ್ಚಿದಂತೆ ನೆಟ್ಟಗೆ. ಯಾಕೆ ಅಂತ ಗೌಂಡಿಯೇ ಹೇಳಿದ: ಕೆಳಗೆ ಮುರುಮು ಹಾಕಿ ನೀರು ಬಿಟ್ಟು ದಮ್ಮಸ್ಸು ಹೊಡೆದಿದೆ, ಗಾಳಿ ಹೆಂಗ ಹೊಕ್ಕೀತು. ಅಮೆರಿಕದ ಹೊಸ ಮನೆಗಳಲ್ಲಿ ಕಾಂಕ್ರೀಟಿನ ಕೆಳಗೆ ಖಡಿಯ ಪದರ ಇರುತ್ತದೆ, ಒಂದೇ ಪೈಪು ಇಡೀ ಮನೆಗೆ ಸಾಕಾಗುವುದುಂಟು. ಇಂಥ ಗಟ್ಟಿ ನೆಲಕ್ಕೆ ಎರಡು ಮೂರು ಕಡೆ ಪೈಪು ಇಳಿಸಬೇಕು, ಫ್ಯಾನೂ ಜೋರಿನದು ಬೇಕು. ಸ್ಲೈಡಿನಲ್ಲಿ ನಾಲ್ಕು ಸಲ ಓದಿದ್ದರೂ ತಲೆಗೆ ಹೋಗದ್ದು ಅವತ್ತು ಹೋಯಿತು. ತೂತು ನಾನೇ ಮುಚ್ಚಿದೆ. ಎಲ್ಲರಿಗೂ ಗಿರಮಿಟ್ ಮಿರ್ಚಿ ಕೊಡಿಸಿದೆ. ಚಿಕ್ಕಪ್ಪ ಈಗಲೂ ಬಂದವರಿಗೆ "ನಮ್ಮ ಹುಡುಗಿ ನೆಲಕ್ಕ ಬೀಡಿ ಸೇದಸ್ತಾಳ" ಅಂತ ಹೇಳುತ್ತಾರೆ.

ಅಳೆಯುವುದರ ಅಭ್ಯಾಸ ಮನೆಯಲ್ಲೇ. ಅಮೆರಿಕದಿಂದ ಬರುವಾಗ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಡಿಜಿಟಲ್ ಮೀಟರ್ ತಂದಿದ್ದೆ. ವೃತ್ತಿಯವರ ಯಂತ್ರ ಅಲ್ಲ, ಮನೆಬಳಕೆಯದು, ಕಲಿಯುವುದಕ್ಕೆ ಸಾಕು. ನಿಯಮ ಓದಲು ಸರಳ. ಮೀಟರ್ ಇಡುವ ಮುಂಚೆ 12 ತಾಸು ಕಿಟಕಿ ಬಾಗಿಲು ಮುಚ್ಚಿರಬೇಕು, ಇಟ್ಟ ಮೇಲೆ ಕನಿಷ್ಠ 48 ತಾಸು ಹಾಗೇ ಮುಚ್ಚಿರಬೇಕು. ಹೋಗುವುದು ಬರುವುದು ಮಾಡಬಹುದು, ಬಾಗಿಲು ತೆರೆದು ಬಿಡಬಾರದು. ಅಡುಗೆ ಮನೆ, ಬಚ್ಚಲು ಬೇಡ. ಕಿಟಕಿಯಿಂದ 3 ಅಡಿ, ನೆಲದಿಂದ 20 ಇಂಚು.

ಮೇ ತಿಂಗಳು. ಹುಬ್ಬಳ್ಳಿ. 60 ತಾಸು ಬಾಗಿಲು ಮುಚ್ಚುವುದು.

ಮೊದಲ ದಿನದ ನನ್ನ ಹಾಳೆಯಲ್ಲಿ ಹೀಗೆ ಬರೆದಿದೆ. 6.10, ಹಾಲು, ಬಾಗಿಲು ತೆರೆದದ್ದು 2 ನಿಮಿಷ. 6.40, ಹೂ ಮಾರುವವಳು, 7 ನಿಮಿಷ, ಅವಳ ಸೊಸೆಯ ವಿಷಯ. 7.30, ಅವ್ವ ರಂಗೋಲಿ ನೋಡಲು ಕಟ್ಟೆಗೆ, ಬಾಗಿಲು ಪೂರ್ತಿ ತೆರೆದು, 25 ನಿಮಿಷ. 9.15, ನೀರು ಬಂತು ಅಂತ ಓಣಿಯ ಹುಡುಗ ಕೂಗಿದ, ಹಿತ್ತಲ ಬಾಗಿಲೂ ತೆರೆಯಿತು, ಮುಂದಿನದೂ ತೆರೆಯಿತು, ಗಾಳಿ ಆರಾಮಾಗಿ ಮನೆ ದಾಟಿ ಹೋಯಿತು. 11.00, ಮೊಣಕಾಲು ನೋಡಲು ಬಂದವರು ಐದು ಜನ, "ಯಾಕ್ರೀ ಬಾಗಲಾ ಹಾಕೀರಿ, ಯಾರರ ಏನರ ಅಂದ್ರೇನು" ಅಂತ ತಾವೇ ಕಿಟಕಿ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಹಾಳೆ ತುಂಬಿತು. ಮೀಟರ್ ಏನೋ ಒಂದು ಅಂಕಿ ತೋರಿಸಿತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಾಗಿಲು ತೆರೆದ ಮನೆಯ ಅಂಕಿ ಅಂಕಿಯಲ್ಲ. ಫಾರಂ ಮೇಲೆ "ಅಮಾನ್ಯ" ಅಂತ ಬರೆದು ಸಹಿ ಹಾಕಿದೆ.

ಈ ಕೋರ್ಸಿನಿಂದ ನಾನು ಪಡೆದದ್ದು ಜಾಸ್ತಿ ಇದೇ ಅನಿಸುತ್ತದೆ. ಅರ್ಧ ಪಾಠ ಅಳೆಯುವುದರ ಬಗ್ಗೆ ಅಲ್ಲ, ಅಳತೆಯನ್ನು ನಂಬಬಹುದೇ ಅನ್ನುವುದರ ಬಗ್ಗೆ. ಹತ್ತು ಕಡೆ ಇಟ್ಟರೆ ಒಂದು ಕಡೆ ಜೋಡಿ ಇಡಬೇಕು, ಎರಡೂ ಒಂದೇ ಹೇಳುತ್ತವೆಯೇ ನೋಡಲು. ನೂರರಲ್ಲಿ ಐದು ಡಬ್ಬಿಗಳನ್ನು ಬಿಚ್ಚದೆ ಇಟ್ಟು, ಬಳಸಿದ್ದು ಅನ್ನುವ ಹಾಗೆ ಲ್ಯಾಬಿಗೆ ಕಳಿಸಬೇಕು, ಖಾಲಿ ತಕ್ಕಡಿ ಎತ್ತಿ ನೋಡಿದ ಹಾಗೆ. ನೂರರಲ್ಲಿ ಮೂರನ್ನು, ಎಷ್ಟಿದೆ ಅಂತ ಮೊದಲೇ ಗೊತ್ತಿರುವ ರೇಡಾನಿನಲ್ಲಿ ಇಟ್ಟು ಕಳಿಸಬೇಕು. ಮನೆ ಮಾರುವವನು ರಾತ್ರಿ ಗುಟ್ಟಾಗಿ ಕಿಟಕಿ ತೆಗೆದರೆ ಗಂಟೆಗಂಟೆಯ ಗ್ರಾಫಿನಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಇಡೀ ಬೆಳಗು ಹೇಳಿಕೊಟ್ಟರು. ಸೈಟಿನಲ್ಲಿ ಕಾಂಕ್ರೀಟಿನ ಗಟ್ಟಿತನ ನೋಡುವ ಕ್ಯೂಬ್ ಟೆಸ್ಟಿಗೆ ಬೇರೆಯೇ ಒಳ್ಳೇ ಕಾಂಕ್ರೀಟ್ ಕಲಸಿ ಕಳಿಸುವುದನ್ನು ಕಣ್ಣಾರೆ ಕಂಡವಳು ನಾನು. ನನಗೆ ಆ ಪಾಠ ಬೇಗ ತಿಳಿಯಿತು.

ಅಳೆಯುವವರ ಪರೀಕ್ಷೆ ಕಳೆದ ವಾರ ಪಾಸಾಯಿತು. ಬಹು ಆಯ್ಕೆಯ ಪ್ರಶ್ನೆಗಳು, ಕೋಣೆ ಪೂರ್ತಿ ಕ್ಯಾಮೆರಾದಲ್ಲಿ ತೋರಿಸಬೇಕು. ಗೋಡೆಯ ಮೇಲಿನ ಬಸವಣ್ಣನ ಕ್ಯಾಲೆಂಡರ್ ತೆಗೆಯಲು ಹೇಳಿದರು, ತೆಗೆದೆ. ಮಿಟಿಗೇಶನ್ ಪರೀಕ್ಷೆ ಅಯೋವಾಕ್ಕೆ ಹೋದ ಮೇಲೆ, ಅಲ್ಲಿ ಯಾರ ಕೈಕೆಳಗಾದರೂ ನಾಲ್ಕಾರು ಮನೆ ಮಾಡಿದ ಮೇಲೆ ಬರೆಯುತ್ತೇನೆ. ಊದಿನಕಡ್ಡಿಯ ಅನುಭವ ಒಂದೇ ಸಾಲದು.

ಸ್ಟಾರ್ ಕೇಳಿದರೆ, ಅಳೆಯುವ ಕೋರ್ಸಿಗೆ ಐದಕ್ಕೆ ನಾಲ್ಕೂವರೆ, ಮಿಟಿಗೇಶನ್ನಿಗೆ ಮೂರು, ಆಫೀಸಿನವರ ಮೇಲ್ ಉತ್ತರಕ್ಕೆ ಒಂದು. ಎರಡರಲ್ಲಿ ಒಂದೇ ಮಾಡಲು ದುಡ್ಡಿದ್ದರೆ ಮೊದಲು ಅಳೆಯುವುದು ಮಾಡಿ.

ನಿನ್ನೆ ರಾತ್ರಿ ಎರಡನೇ ಸಲ ಬಾಗಿಲು ಹಾಕಿದ್ದೇವೆ. ಈ ಸಲ ಅವ್ವ ತಾನೇ ಮುಂದಾಗಿದ್ದಾಳೆ. ಹಾಲಿನವನಿಗೆ ಚೀಲ ಗೇಟಿಗೆ ತೂಗು ಹಾಕಲು ಹೇಳಿದ್ದಾಳೆ, ಹೂವಿನವಳಿಗೆ ಎರಡು ದಿನ ರಜೆ ಕೊಟ್ಟಿದ್ದಾಳೆ. ಫ್ಯಾನ್ ಕೆಳಗೆ ಕೂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ತಾಸಿಗೊಮ್ಮೆ ಕೇಳುತ್ತಾಳೆ.

"ಇನ್ನ ಎಷ್ಟ ತಾಸು ಉಳದಾವ ತಂಗಿ?"

"ನಲವತ್ತೊಂದು, ಅವ್ವಾ."

"ಹಗೇವಾನರ ಒಂದ ದಿನಕ್ಕ ತಗೀತಿದ್ವಿ."